ಹಕ್ಕು ಕಾಯುವ ಕಾನೂನು, ಮನುಷ್ಯನನ್ನು ಕಾಯುವ ಗುಣ

(ಕೊಡಿಗೇಹಳ್ಳಿಯಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಅವರ ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಪ್ರತಿ ಶುಕ್ರವಾರ ಎರಡನೇ ಖುತ್ಬಾ ಮುಗಿಯುವ ಮುನ್ನ ನಮ್ಮ ಬಹುತೇಕ ಮಸೀದಿಗಳಲ್ಲಿ ಒಂದೇ ವಚನ ಕಿವಿಗೆ ಬೀಳುತ್ತದೆ. ಅದು ಸೂರಃ ಅನ್ನಹ್ಲ್‌ನ 90ನೇ ವಚನ. ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್‌ರ ಕಾಲದಲ್ಲಿ ಈ ರೂಢಿ ಬಂತೆಂದು ಇತಿಹಾಸಕಾರರು ಹೇಳುತ್ತಾರೆ. ಅಷ್ಟು ಹೊತ್ತಿಗೆ ನಮ್ಮ ಮನಸ್ಸು ನಮಾಝ್‌ನ ಸಾಲಿನತ್ತ ಹೊರಟಿರುತ್ತದೆ. ಹಾಗಾಗಿ ಆ ವಚನ ಏನು ಆಜ್ಞಾಪಿಸುತ್ತದೆ ಎಂಬ ಕಡೆ ಗಮನ ಹೋಗುವುದು ಕಡಿಮೆ. ಅದರಲ್ಲಿ ಅಲ್ಲಾಹನು ಮೊದಲು ಎರಡು ವಿಷಯಗಳನ್ನು ಹೇಳುತ್ತಾನೆ. ಒಂದು ಅದ್ಲ್, ಇನ್ನೊಂದು ಇಹ್ಸಾನ್. ಇಂದು ಈ ಎರಡು ಪದಗಳ ಬಗ್ಗೆಯೇ ಮಾತನಾಡೋಣ.

ಅದ್ಲ್ ಎಂದರೆ ನ್ಯಾಯ. ಯಾರಿಗೆ ಏನು ಸಲ್ಲಬೇಕೋ ಅದನ್ನು ಕಡಿಮೆ ಮಾಡದೆ ಸಲ್ಲಿಸುವುದು. ಇಹ್ಸಾನ್ ಎಂದರೆ ಒಳ್ಳೆಯತನ. ಸಲ್ಲಬೇಕಾದ್ದನ್ನು ಸಲ್ಲಿಸುವುದಷ್ಟೇ ಅಲ್ಲ, ಅದನ್ನು ಒಳ್ಳೆಯ ಮನಸ್ಸಿನಿಂದ, ಚೆನ್ನಾಗಿ, ಅಲ್ಲಾಹನು ನೋಡುತ್ತಿದ್ದಾನೆಂಬ ಅರಿವಿನಿಂದ ಮಾಡುವುದು. ಅದ್ಲನ್ನು ಅಳೆಯಬಹುದು. ಅದಕ್ಕೆ ಕಾಗದ ಇದೆ, ಸಾಕ್ಷಿ ಇದೆ, ಕೋರ್ಟ್ ಇದೆ. ಇಹ್ಸಾನನ್ನು ಯಾವ ಕೋರ್ಟೂ ಅಳೆಯಲಾರದು. ಅದು ಮನುಷ್ಯನ ಗುಣದಲ್ಲಿದೆ.

ಎರಡು ಮಾತುಗಳು

ನಮ್ಮ ಮನೆಗಳಲ್ಲಿ ಇತ್ತೀಚೆಗೆ ಎರಡು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಕೆಲಸಕ್ಕೆ ಹೋಗುವ, ಓದಿಕೊಂಡ ಮಕ್ಕಳು ಹೇಳುತ್ತಾರೆ: "ಅಬ್ಬಾ, ಇದು ನನ್ನ ಹಕ್ಕು. ಕಾನೂನು ಒಪ್ಪಿದೆ. ಯಾರಿಗೂ ತೊಂದರೆ ಮಾಡುತ್ತಿಲ್ಲವಲ್ಲ, ಮತ್ತೆ ಯಾರು ಯಾಕೆ ಕೇಳಬೇಕು?" ಹಿರಿಯರು ಹೇಳುತ್ತಾರೆ: "ಈ ಸ್ವಾತಂತ್ರ್ಯ, ಹಕ್ಕು ಅನ್ನುವ ಮಾತೇ ಮಕ್ಕಳನ್ನು ಕೆಡಿಸಿತು. ಒಂದಿಷ್ಟು ಬಿಗಿ ಮಾಡಿದರೆ ಎಲ್ಲ ಸರಿಹೋಗುತ್ತದೆ."

ಮೇಲ್ನೋಟಕ್ಕೆ ಇದು ಹೊಸ ತಲೆಮಾರು ಮತ್ತು ಹಳೆ ತಲೆಮಾರಿನ ಜಗಳ. ಆದರೆ ಇದರ ಹಿಂದೆ ಜಗತ್ತಿನ ವಿದ್ವಾಂಸರು ಬಹಳ ಕಾಲದಿಂದ ಚರ್ಚಿಸುತ್ತಿರುವ ಒಂದು ಪ್ರಶ್ನೆ ಇದೆ. ಮನುಷ್ಯನಿಗೆ ಮೊದಲು ಬೇಕಾದದ್ದು ಸ್ವಾತಂತ್ರ್ಯವೋ ಸದ್ಗುಣವೋ? ಒಳ್ಳೆಯ ಸಮಾಜವೆಂದರೆ ಎಲ್ಲರ ಹಕ್ಕು ಉಳಿದಿರುವ ಸಮಾಜವೋ, ಒಳ್ಳೆಯ ಮನುಷ್ಯರಿರುವ ಸಮಾಜವೋ?

ಮೊದಲ ಮಾತನ್ನು ಉದಾರವಾದ ಎನ್ನುತ್ತಾರೆ. 1859ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಎಂಬ ಇಂಗ್ಲಿಷ್ ಚಿಂತಕ ಸ್ವಾತಂತ್ರ್ಯದ ಬಗ್ಗೆ ಒಂದು ಪುಸ್ತಕ ಬರೆದ. ಒಬ್ಬ ವ್ಯಕ್ತಿ ಬೇರೆಯವರಿಗೆ ಹಾನಿ ಮಾಡದಿದ್ದರೆ, ಅವನ ಒಳ್ಳೆಯದಕ್ಕೆಂದೇ ಆದರೂ ಸರಕಾರವಾಗಲಿ ಸಮಾಜವಾಗಲಿ ಅವನ ಮೇಲೆ ಬಲಪ್ರಯೋಗ ಮಾಡಬಾರದು ಎಂಬುದು ಅವನ ವಾದ. 1971ರಲ್ಲಿ ಅಮೆರಿಕದ ಜಾನ್ ರಾಲ್ಸ್ ನ್ಯಾಯದ ಕುರಿತು ಬರೆದ ಗ್ರಂಥ ಈ ವಾದವನ್ನು ಇನ್ನಷ್ಟು ಮುಂದಕ್ಕೆ ಒಯ್ದಿತು. ಹೇಗೆ ಬದುಕುವುದು ಒಳ್ಳೆಯದು ಎಂಬುದನ್ನು ಜನರೇ ಆರಿಸಿಕೊಳ್ಳಲಿ, ಆ ಆಯ್ಕೆಗೆ ಬೇಕಾದ ನ್ಯಾಯವಾದ ವ್ಯವಸ್ಥೆಯನ್ನು ರಾಜ್ಯ ಕೊಡಲಿ ಎಂಬುದು ಅದರ ತಿರುಳು.

ಎರಡನೇ ದಾರಿ ಇನ್ನೂ ಹಳೆಯದು. ಅದನ್ನು ಸದ್ಗುಣದ ನೀತಿ ಎನ್ನಬಹುದು. ನಮ್ಮ ವಿದ್ವಾಂಸರು ಇಲ್ಮುಲ್ ಅಖ್ಲಾಕ್ ಎಂದರು. ಗ್ರೀಸಿನ ಅರಿಸ್ಟಾಟಲ್‌ನ ನೀತಿಗ್ರಂಥ ಒಂಬತ್ತನೇ ಶತಮಾನದಲ್ಲೇ ಅರಬಿ ಭಾಷೆಗೆ ಬಂತು. 1030ರಲ್ಲಿ ನಿಧನರಾದ ಇಬ್ನ್ ಮಿಸ್ಕವೈಹ್ ಅದನ್ನು ಓದಿ, ಇಸ್ಲಾಮಿನ ಬೆಳಕಿನಲ್ಲಿ ಸೋಸಿ, ತಹ್‌ಝೀಬುಲ್ ಅಖ್ಲಾಕ್ ಎಂಬ ಗ್ರಂಥ ರಚಿಸಿದರು. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿ ತಮ್ಮ ಇಹ್ಯಾದಲ್ಲಿ ಈ ವಿಷಯಕ್ಕೆ ಒಂದು ಇಡೀ ಭಾಗವನ್ನೇ ಮೀಸಲಿಟ್ಟರು. ವಿವೇಕ, ಧೈರ್ಯ, ಸಂಯಮ, ನ್ಯಾಯ ಈ ನಾಲ್ಕು ಗುಣಗಳ ಬೇರು ಎಂದರು.

ಗಝ್ಝಾಲಿಯವರ ಒಂದು ವಿವರಣೆ ಬಹಳ ಉಪಯುಕ್ತ. ಒಮ್ಮೆ ದಾನ ಕೊಟ್ಟವನೆಲ್ಲ ದಾನಿ ಅಲ್ಲ. ಕೊಡುವುದು ಯಾರ ಮನಸ್ಸಿನಲ್ಲಿ ನೆಲೆಯಾಗಿದೆಯೋ, ಲೆಕ್ಕ ಹಾಕದೆ ಸಲೀಸಾಗಿ ಯಾರ ಕೈ ಮುಂದಕ್ಕೆ ಹೋಗುತ್ತದೆಯೋ ಅವನು ದಾನಿ. ಹಾಗಾದರೆ ಆ ಗುಣ ಬರುವುದು ಹೇಗೆ? ಮೊದಮೊದಲು ಮನಸ್ಸಿಗೆ ಕಷ್ಟವಾದರೂ ಕೊಡುತ್ತಾ ಹೋಗಬೇಕು. ಕೊಟ್ಟು ಕೊಟ್ಟು ಕೈ ಪಳಗುತ್ತದೆ, ಕೈ ಪಳಗಿದಂತೆ ಮನಸ್ಸು ಪಳಗುತ್ತದೆ. ದರ್ಜಿಯ ಅಂಗಡಿಯಲ್ಲಿ ಹುಡುಗ ಹೊಲಿಗೆ ಕಲಿಯುವುದು ಹೀಗೇ ಅಲ್ಲವೇ? ನಮಾಝ್, ಉಪವಾಸ, ಝಕಾತ್ ಎಲ್ಲವೂ ಮತ್ತೆ ಮತ್ತೆ ಮಾಡುವ ಕರ್ಮಗಳಾಗಿರುವುದರ ಹಿಂದೆ ಈ ಯುಕ್ತಿಯೂ ಇದೆ.

1981ರಲ್ಲಿ ಅಲಾಸ್ಡೇರ್ ಮ್ಯಾಕಿಂಟೈರ್ ಎಂಬ ತತ್ವಜ್ಞಾನಿ ಉದಾರವಾದದ ಮೇಲೆ ಒಂದು ದೊಡ್ಡ ದೂರು ಹೇಳಿದರು. ಆಧುನಿಕ ಸಮಾಜಕ್ಕೆ ಹಕ್ಕಿನ ಭಾಷೆ ಗೊತ್ತು. ಆದರೆ ಒಳ್ಳೆಯ ಮನುಷ್ಯ ಎಂದರೆ ಯಾರು ಎಂಬ ಪ್ರಶ್ನೆಗೆ ಅದರ ಬಳಿ ಒಮ್ಮತದ ಉತ್ತರವೇ ಉಳಿದಿಲ್ಲ ಎಂದರು. ಈ ದೂರಿನಲ್ಲಿ ಸತ್ಯಾಂಶವಿದೆ. ಆದರೆ ಅದನ್ನು ಕೇಳಿ "ನೋಡಿದಿರಾ, ಸ್ವಾತಂತ್ರ್ಯವೇ ತಪ್ಪು" ಎಂದು ಎದ್ದು ನಿಲ್ಲುವ ಮೊದಲು ಸ್ವಲ್ಪ ತಾಳ್ಮೆಯಿಂದ ಯೋಚಿಸಬೇಕು.

ಸ್ವಾತಂತ್ರ್ಯದ ಋಣ

ಇಂದು ನಾವು ಇಲ್ಲಿ ಜುಮಾಗೆ ಸೇರಿದ್ದೇವೆ. ಯಾರ ಅಪ್ಪಣೆಯನ್ನೂ ಬೇಡಿ ಬಂದಿಲ್ಲ. ಈ ದೇಶದ ಸಂವಿಧಾನದ 25ನೇ ವಿಧಿ ಪ್ರತಿಯೊಬ್ಬರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು ತಮ್ಮ ಧರ್ಮವನ್ನು ಆಚರಿಸುವ ಹಕ್ಕನ್ನೂ ಕೊಟ್ಟಿದೆ. ಇದು ಬಹುಸಂಖ್ಯಾತರ ಔದಾರ್ಯವಲ್ಲ, ನಾಗರಿಕನ ಹಕ್ಕು. ಹಿಜಾಬ್ ವಿವಾದದಲ್ಲಿ ನಮ್ಮ ಹೆಣ್ಣುಮಕ್ಕಳು ಕೋರ್ಟ್ ಮೆಟ್ಟಿಲೇರಿದಾಗ ಈ ಹಕ್ಕಿನ ಭಾಷೆಯಲ್ಲೂ ಮಾತನಾಡಿದರು. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹೆಣ್ಣುಮಕ್ಕಳ ಪರವಾಗಿ ಬರೆದ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು ಇದನ್ನು ಮುಖ್ಯವಾಗಿ ಆಯ್ಕೆಯ ಪ್ರಶ್ನೆಯಾಗಿ ಕಂಡರು, ಅವರ ಓದು ನಿಲ್ಲಬಾರದೆಂಬುದನ್ನು ಮುಂದಿಟ್ಟರು.

ಇನ್ನೊಂದು ಉದಾಹರಣೆ ನಮ್ಮ ಬೆಂಗಳೂರಿನದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವೂ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ನಾವು ಏನು ತಿನ್ನುತ್ತೇವೆ, ಏನು ಉಡುತ್ತೇವೆ, ಹೇಗೆ ಬದುಕುತ್ತೇವೆ ಎಂದು ಇಣುಕಿ ನೋಡುವವರ ವಿರುದ್ಧ ಈ ತೀರ್ಪು ನಮಗೂ ಗೋಡೆಯಾಗಿ ನಿಂತಿದೆ.

ಇದು ನಮಗೆ ಹೊಸ ವಿಚಾರವೇ? ಅಲ್ಲ. ಬೇರೆಯವರ ಮನೆಗೆ ಅನುಮತಿ ಕೇಳಿ, ಸಲಾಮ್ ಹೇಳಿದ ಮೇಲೆಯೇ ಒಳಗೆ ಹೋಗಬೇಕೆಂದು ಸೂರಃ ನೂರ್‌ನ 27ನೇ ವಚನ ಕಲಿಸುತ್ತದೆ. ಇತರರ ಗುಟ್ಟುಗಳನ್ನು ಹುಡುಕುತ್ತಾ ಹೋಗಬಾರದೆಂದು ಸೂರಃ ಹುಜುರಾತ್‌ನ 12ನೇ ವಚನ ತಡೆಯುತ್ತದೆ. ಖಲೀಫಾ ಉಮರ್(ರ)ರ ಬಗ್ಗೆ ಒಂದು ಪ್ರಸಿದ್ಧ ಘಟನೆ ಇದೆ. ಇಮಾಮ್ ಗಝ್ಝಾಲಿಯವರೂ ಅದನ್ನು ಉಲ್ಲೇಖಿಸಿದ್ದಾರೆ. ರಾತ್ರಿ ಗಸ್ತಿನಲ್ಲಿದ್ದಾಗ ಒಂದು ಮನೆಯಿಂದ ಕೇಳಿಬಂದ ಸದ್ದಿಗೆ ಅವರು ಗೋಡೆ ಹತ್ತಿ ಒಳಗಿಳಿದರು. ಅಲ್ಲೊಬ್ಬ ಮದ್ಯದೊಂದಿಗೆ ಸಿಕ್ಕಿಬಿದ್ದ. ಅವನು ಹೇಳಿದ: ನಾನು ಒಂದು ತಪ್ಪು ಮಾಡಿರಬಹುದು, ಆದರೆ ನೀವು ಮೂರು ಮಾಡಿದ್ದೀರಿ. ಬೇಹು ನಡೆಸಿದಿರಿ, ಬಾಗಿಲಿನಿಂದ ಬರಲಿಲ್ಲ, ಅನುಮತಿ ಕೇಳಲಿಲ್ಲ. ಇವು ಮೂರನ್ನೂ ಕುರ್‌ಆನ್ ತಡೆದಿದೆ. ಅಧಿಕಾರದ ತುದಿಯಲ್ಲಿದ್ದ ಉಮರ್(ರ) ಆ ಮಾತನ್ನು ಒಪ್ಪಿ ಹೊರಗೆ ನಡೆದರು.

ಆದ್ದರಿಂದ ಸ್ವಾತಂತ್ರ್ಯ ಎಂಬುದನ್ನು ಪಶ್ಚಿಮದ ರೋಗ ಎಂದು ಹೀಗಳೆಯುವುದು ಸರಿಯಲ್ಲ. ಅದರಲ್ಲಿ ಅದ್ಲ್‌ನ ದೊಡ್ಡ ಪಾಲಿದೆ. ಕೋರ್ಟಿನಲ್ಲಿ ನಮ್ಮ ಆಯ್ಕೆಯ ಹಕ್ಕಿಗಾಗಿ ವಾದಿಸಿ, ಮನೆಗೆ ಬಂದು ಮಗಳ ಆಯ್ಕೆಯ ಹಕ್ಕನ್ನು ನಗೆಯಾಡುವುದು ಇಬ್ಬಗೆಯ ನೀತಿಯಾಗುತ್ತದೆ.

ಬಲವಂತದ ಸದ್ಗುಣ

2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದರಲ್ಲಿ ಯುವತಿಯರ ಮೇಲೆ ಸಂಸ್ಕೃತಿಯ ಹೆಸರಿನಲ್ಲಿ ಹಲ್ಲೆ ನಡೆಯಿತು. ಆಗ ಇಡೀ ನಾಡು ಅದನ್ನು ನೈತಿಕ ಪೊಲೀಸ್‌ಗಿರಿ ಎಂದು ಖಂಡಿಸಿತು. ನಮ್ಮ ಸಮುದಾಯವೂ ಖಂಡಿಸಿತು. ಆದರೆ ಬುರ್ಖಾ ತೊಟ್ಟ ಯುವತಿಯೊಬ್ಬಳು ಸಹೋದ್ಯೋಗಿಯ ಬೈಕಿನಲ್ಲಿ ಬಂದಳೆಂದು ನಮ್ಮದೇ ಕೆಲವು ಹುಡುಗರು ಅಡ್ಡಗಟ್ಟಿ, ವಿಡಿಯೊ ಮಾಡಿ, ಹರಿಬಿಟ್ಟ ಪ್ರಕರಣಗಳೂ ಈ ರಾಜ್ಯದ ಪೊಲೀಸ್ ಠಾಣೆಗಳನ್ನು ತಲುಪಿವೆ. ಅವರು ಮಾಡಿದರೆ ಗೂಂಡಾಗಿರಿ, ಇವರು ಮಾಡಿದರೆ ದೀನ್‌ನ ಸೇವೆ ಎನ್ನಲು ಬರುತ್ತದೆಯೇ? ಒಬ್ಬ ಹೆಣ್ಣುಮಗಳ ಮುಖವನ್ನು ಸಾವಿರ ಮೊಬೈಲಿಗೆ ಹಂಚಿದವನು ಯಾವ ಗುಣವನ್ನು ಬೆಳೆಸಿದ? ಅವಳಲ್ಲಿ ಭಯ ಬೆಳೆಯಿತು, ಅವನಲ್ಲಿ ಅಹಂಕಾರ ಬೆಳೆಯಿತು.

ಗುಣವೆಂದರೆ ಮನಸ್ಸಿನಲ್ಲಿ ನೆಲೆಗೊಂಡದ್ದು ಎಂದು ಗಝ್ಝಾಲಿ ಹೇಳಿದ್ದನ್ನು ನೆನಪಿಸಿಕೊಳ್ಳಿ. ಲಾಠಿಗೆ ಹೆದರಿ ಮಾಡಿದ್ದು ಲಾಠಿ ಇರುವವರೆಗೆ ಮಾತ್ರ ಉಳಿಯುತ್ತದೆ. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂಬ ಸೂರಃ ಬಕರಃದ 256ನೇ ವಚನದ ಬೋಧನೆಯ ಆಳ ಇಲ್ಲಿದೆ. ಸದ್ಗುಣಕ್ಕೆ ಸ್ವಾತಂತ್ರ್ಯ ಬೇಕು. ತಪ್ಪು ಮಾಡಲು ದಾರಿ ಇದ್ದೂ ಸರಿಯಾದದ್ದನ್ನು ಆರಿಸಿಕೊಂಡಾಗಲೇ ಅದು ಸದ್ಗುಣ.

ಹಾಗಾದರೆ ಒಳ್ಳೆಯದನ್ನು ಹೇಳಲೇಬಾರದೇ? ಅದಕ್ಕೆ ಉತ್ತರ ಬರೀರಃ(ರ)ರ ಘಟನೆಯಲ್ಲಿದೆ. ಸಹೀಹ್ ಬುಖಾರಿಯಲ್ಲಿ ಇಬ್ನ್ ಅಬ್ಬಾಸ್(ರ) ಇದನ್ನು ವರದಿ ಮಾಡಿದ್ದಾರೆ. ಬರೀರಃ ದಾಸ್ಯದಿಂದ ಬಿಡುಗಡೆಯಾದಾಗ ಪತಿ ಮುಗೀಸ್‌ರೊಂದಿಗೆ ಉಳಿಯಬೇಕೋ ಬೇಡವೋ ಎಂಬ ಆಯ್ಕೆ ಆಕೆಗೆ ಸಿಕ್ಕಿತು. ಆಕೆ ಬೇಡವೆಂದರು. ಮುಗೀಸ್ ಮದೀನಾದ ಬೀದಿಗಳಲ್ಲಿ ಆಕೆಯ ಹಿಂದೆ ಅಳುತ್ತಾ ನಡೆದರು, ಕಣ್ಣೀರು ಗಡ್ಡದ ಮೇಲೆ ಇಳಿಯುತ್ತಿತ್ತು. ಪ್ರವಾದಿವರ್ಯರಿ(ಸ)ಗೆ ಕನಿಕರವಾಯಿತು. ಆತನ ಬಳಿಗೆ ಮರಳಬಾರದೇ ಎಂದು ಬರೀರಃರನ್ನು ಕೇಳಿದರು. ಇದು ನಿಮ್ಮ ಆಜ್ಞೆಯೇ ಎಂದು ಆಕೆ ಮರುಪ್ರಶ್ನೆ ಹಾಕಿದರು. ಇಲ್ಲ, ನಾನು ಬರೀ ಶಿಫಾರಸು ಮಾಡುತ್ತಿದ್ದೇನೆ ಎಂದರು ಪ್ರವಾದಿ(ಸ). ಹಾಗಾದರೆ ನನಗೆ ಆತ ಬೇಕಾಗಿಲ್ಲ ಎಂದರು ಬರೀರಃ. ವಿಷಯ ಅಲ್ಲಿಗೆ ಮುಗಿಯಿತು.

ಸಹೋದರರೇ, ಇದನ್ನು ಎರಡು ಬಾರಿ ಯೋಚಿಸಬೇಕು. ಹೇಳಿದವರು ಅಲ್ಲಾಹನ ಸಂದೇಶವಾಹಕರು. ಕೇಳಿದವರು ನಿನ್ನೆ ಮೊನ್ನೆಯವರೆಗೆ ದಾಸಿಯಾಗಿದ್ದವರು. ಪ್ರವಾದಿ(ಸ) ಸುಮ್ಮನಿರಲಿಲ್ಲ, "ಅದು ಆಕೆಯ ಹಕ್ಕು, ನಮಗೇನು" ಎಂದು ಕೈತೊಳೆದುಕೊಳ್ಳಲಿಲ್ಲ. ಹಾಗೆಂದು ಬಲವಂತವನ್ನೂ ಮಾಡಲಿಲ್ಲ, ಆಕೆಯ ನಿರಾಕರಣೆಗೆ ಕೋಪಿಸಿಕೊಳ್ಳಲೂ ಇಲ್ಲ. ಒಳ್ಳೆಯ ಮಾತು ಹೇಳುವುದು ನಮ್ಮ ಕರ್ತವ್ಯ, ತೀರ್ಮಾನ ಅವರದು. ಮಕ್ಕಳ ಮದುವೆ, ಓದು, ಉದ್ಯೋಗದ ವಿಷಯದಲ್ಲಿ ನಮಗೆ ಬೇಕಾದ ಮಾದರಿ ಇದು.

ಸಹಿಯ ಆಚೆ

ಈಗ ಮೊದಲ ಮಾತನ್ನು ಆಡುವ ಕಿರಿಯರತ್ತ ತಿರುಗೋಣ. ಕಾನೂನು ಒಪ್ಪಿದರೆ ಸಾಕೇ? ಎರಡೂ ಕಡೆಯವರ ಸಹಿ ಬಿದ್ದರೆ ನ್ಯಾಯವಾಯಿತೇ?

2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದದ್ದು ಎಲ್ಲರಿಗೂ ನೆನಪಿದೆ. ದೂರು ಕೊಟ್ಟವರ ಸಂಖ್ಯೆ ಹತ್ತಾರು ಸಾವಿರ ಮುಟ್ಟಿತು, ಅವರಲ್ಲಿ ಹೆಚ್ಚಿನವರು ನಮ್ಮ ಸಮುದಾಯದವರೇ. ಅಲ್ಲಿ ಕಾಗದ ಇತ್ತು, ಸಹಿ ಇತ್ತು, ಹಣ ಹಾಕಿದವರ ಒಪ್ಪಿಗೆ ಇತ್ತು, ಹಲಾಲ್ ಎಂಬ ಹೆಸರೂ ಇತ್ತು. ಇಲ್ಲದಿದ್ದದ್ದು ಅಮಾನತ್. ಕಾನೂನು ಬಂದದ್ದು ಹಣ ಹೋದ ಮೇಲೆ. ಕಾನೂನು ಯಾವಾಗಲೂ ಹೀಗೇ, ಬಹುಪಾಲು ಹಿಂದಿನಿಂದ ಬರುತ್ತದೆ. ಮುಂಚೆಯೇ ತಡೆಯಬೇಕಾದದ್ದು ವ್ಯಾಪಾರಿಯ ಸತ್ಯಸಂಧತೆ, ಶಿಫಾರಸು ಮಾಡುವವರ ಎಚ್ಚರ, ಹಣ ಹಾಕುವವರ ವಿವೇಕ. ಇವು ಮೂರೂ ಗುಣಗಳು. ಇವನ್ನು ಯಾವ ಕಾಯ್ದೆಯೂ ಹುಟ್ಟಿಸಲಾರದು.

ಆದರೆ ಅಷ್ಟು ದೊಡ್ಡ ಹಗರಣದ ಮಾತಿಗಿಂತ ನಮ್ಮ ಮನೆಯೊಳಗಿನ ಮಾತು ಮುಖ್ಯ. ಈ ಕೊಡಿಗೇಹಳ್ಳಿಯ ಸುತ್ತಮುತ್ತ ಹಿಂದೆ ಹೊಲ, ತೋಟಗಳಿದ್ದವು. ಈಗ ಲೇಔಟ್‌ಗಳು, ಅಪಾರ್ಟ್‌ಮೆಂಟ್‌ಗಳು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳದಿಂದ ಯಲಹಂಕದವರೆಗೆ ಬಳ್ಳಾರಿ ರಸ್ತೆಯ ಎರಡೂ ಕಡೆ ಜಾಗದ ಬೆಲೆ ಏರಿತು. ತಂದೆ ಬಿಟ್ಟುಹೋದ ಮೂವತ್ತು ನಲವತ್ತರ ಸೈಟು ಇಂದು ದೊಡ್ಡ ಆಸ್ತಿ. ಅದರ ಜೊತೆಗೆ ಒಂದು ದೃಶ್ಯವೂ ಹೆಚ್ಚಾಗಿದೆ. ತಂದೆ ತೀರಿಕೊಂಡ ಕೆಲವು ತಿಂಗಳಿಗೆ ಅಣ್ಣತಮ್ಮಂದಿರು ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗುತ್ತಾರೆ. "ಆಪಾ, ಇಲ್ಲೊಂದು ಸಹಿ ಹಾಕಿಬಿಡಿ. ನಿಮ್ಮ ಮದುವೆಗೆ ಅಬ್ಬಾ ಎಷ್ಟು ಖರ್ಚು ಮಾಡಿದ್ದರು, ಗೊತ್ತಲ್ಲ." ಹಕ್ಕು ಬಿಡುಗಡೆ ಪತ್ರ ಸಿದ್ಧವಾಗಿರುತ್ತದೆ. ಅದರಲ್ಲಿ "ನನ್ನ ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ" ಎಂದು ಬರೆದಿರುತ್ತದೆ. ಫೋಟೊ ತೆಗೆಯುತ್ತಾರೆ, ಹೆಬ್ಬೆಟ್ಟು ಒತ್ತಿಸುತ್ತಾರೆ. ಪತ್ರ ಬರೆದುಕೊಟ್ಟದ್ದು ನೀವೇ ತಾನೇ ಎಂದು ಅಧಿಕಾರಿ ಕೇಳುತ್ತಾರೆ. ಆಪಾ ತಲೆಯಾಡಿಸುತ್ತಾರೆ. ಕಾನೂನಿನ ಪ್ರಕಾರ ಎಲ್ಲ ಸರಿಯಾಯಿತು.

ನಿಜವಾಗಿಯೂ ಸರಿಯಾಯಿತೇ? ಆಕೆ ಸಹಿ ಹಾಕಿದ್ದು ಒಪ್ಪಿಗೆಯಿಂದಲೋ, ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಅಂಜಿಕೆಯಿಂದಲೋ? ನಾಳೆ ಗಂಡನ ಮನೆಯಲ್ಲಿ ಕಷ್ಟ ಬಂದರೆ ತಾನು ಹೋಗಬೇಕಾದದ್ದು ಇದೇ ತಮ್ಮನ ಮನೆಗೆ ಎಂಬುದು ಆಕೆಗೆ ಗೊತ್ತು. 1872ರ ಭಾರತೀಯ ಕರಾರು ಕಾಯ್ದೆಯೂ ಒಪ್ಪಿಗೆ ಮುಕ್ತವಾಗಿರಬೇಕು, ಒತ್ತಾಯವಾಗಲಿ ಅನುಚಿತ ಪ್ರಭಾವವಾಗಲಿ ಇರಬಾರದು ಎನ್ನುತ್ತದೆ. ಆದ್ದರಿಂದ ಕಾನೂನು ಕುರುಡು ಎಂದು ದೂರುವುದೂ ತಪ್ಪು. ಆದರೆ ಅದನ್ನು ಸಾಬೀತು ಮಾಡಲು ಆಕೆ ತನ್ನ ಒಡಹುಟ್ಟಿದವರ ಮೇಲೆ ಕೇಸು ಹಾಕಬೇಕು. ಎಷ್ಟು ಮಂದಿ ಹಾಕುತ್ತಾರೆ? ಕಾನೂನು ಬಾಗಿಲು ತೆರೆದಿಟ್ಟಿದೆ, ಒಳಗೆ ಹೋಗಲು ಕಾಲು ಬರುವುದಿಲ್ಲ.

ಮಹ್ರ್‌ನ ವಿಷಯದಲ್ಲಿ ಸೂರಃ ನಿಸಾದ 4ನೇ ವಚನ ಒಂದು ಸೂಕ್ಷ್ಮವನ್ನು ಕಲಿಸುತ್ತದೆ. ಹೆಂಡತಿ ತನ್ನ ಮಹ್ರ್‌ನಲ್ಲಿ ಏನನ್ನಾದರೂ ಬಿಟ್ಟುಕೊಟ್ಟರೆ ಪತಿ ಅದನ್ನು ಅನುಭವಿಸಬಹುದು, ಆದರೆ ಅದು ಆಕೆಯ ಮನಸ್ಸಿನ ಸಂತೋಷದಿಂದ ಬಂದಿರಬೇಕು. ಬಾಯಿಯ ಒಪ್ಪಿಗೆಯ ಹಿಂದೆ ಮನಸ್ಸಿನ ಸಂತೋಷ ಇರಬೇಕೆಂಬ ಈ ಷರತ್ತು ಸಹಿಗಿಂತ ಎಷ್ಟು ಆಳಕ್ಕೆ ಇಳಿಯುತ್ತದೆ ನೋಡಿ.

ಹೆಣ್ಣುಮಕ್ಕಳ ಪಾಲು ಯಾರೋ ದಯೆಯಿಂದ ಕೊಟ್ಟದ್ದಲ್ಲ. ಉಹುದ್ ಯುದ್ಧದಲ್ಲಿ ಸಅದ್ ಬಿನ್ ರಬೀಅ್(ರ) ಹುತಾತ್ಮರಾದರು. ಅವರ ಸೋದರ ಆಸ್ತಿಯನ್ನೆಲ್ಲ ತನ್ನ ವಶಕ್ಕೆ ತೆಗೆದುಕೊಂಡ. ಸಅದ್‌ರ ಪತ್ನಿ ಎರಡು ಹೆಣ್ಣುಮಕ್ಕಳ ಕೈ ಹಿಡಿದು ಪ್ರವಾದಿವರ್ಯರ(ಸ) ಬಳಿಗೆ ಬಂದು ದೂರು ಹೇಳಿದರು. ಆ ಬಳಿಕ ಉತ್ತರಾಧಿಕಾರದ ವಚನ ಅವತೀರ್ಣವಾಯಿತು. ಹೆಣ್ಣುಮಕ್ಕಳಿಬ್ಬರಿಗೆ ಮೂರನೇ ಎರಡು ಪಾಲು, ಅವರ ತಾಯಿಗೆ ಎಂಟನೇ ಒಂದು, ಉಳಿದದ್ದು ನಿನಗೆ ಎಂದು ಪ್ರವಾದಿ(ಸ) ಆ ಸೋದರನಿಗೆ ತಿಳಿಸಿದರು. ಜಾಬಿರ್(ರ) ವರದಿ ಮಾಡಿದ ಈ ಹದೀಸ್ ತಿರ್ಮಿದಿ ಮತ್ತು ಅಬೂ ದಾವೂದ್‌ನಲ್ಲಿದೆ. ಒಬ್ಬ ವಿಧವೆ ತನ್ನ ಮಕ್ಕಳ ಹಕ್ಕು ಕೇಳಲು ಬಂದಾಗ "ಹಕ್ಕಿನ ಮಾತು ಬೇಡಮ್ಮ, ಸಹನೆಯಿಂದಿರು" ಎಂದು ಯಾರೂ ಹೇಳಲಿಲ್ಲ. ಹಕ್ಕು ಕೇಳಿದವಳಿಗೆ ಹಕ್ಕನ್ನೇ ಕೊಡಬೇಕು. ಸಹನೆಯ ಉಪದೇಶ ಮಾಡಬೇಕಾದದ್ದು ಕಸಿದುಕೊಂಡವನ ಆಸೆಗೆ.

ಅತ್ತ ಇಬ್ಬರು, ಇತ್ತ ನಾವು

ಈಗ ಇಂದಿನ ಖುತ್ಬಾದ ಹೃದಯದಂತಿರುವ ಹದೀಸ್‌ಗೆ ಬರೋಣ. ಉಮ್ಮು ಸಲಮಾ(ರ) ಇದನ್ನು ವರದಿ ಮಾಡಿದ್ದಾರೆ. ನೀವು ನನ್ನ ಬಳಿ ವ್ಯಾಜ್ಯ ತರುತ್ತೀರಿ, ನಾನೂ ಮನುಷ್ಯ, ನಿಮ್ಮಲ್ಲೊಬ್ಬ ಮಾತಿನಲ್ಲಿ ಚತುರನಾಗಿರಬಹುದು, ಅದನ್ನು ಕೇಳಿ ನಾನು ಅವನ ಪರವಾಗಿ ತೀರ್ಪು ಕೊಟ್ಟುಬಿಡಬಹುದು, ಆದರೆ ಅದು ಸಹೋದರನ ಹಕ್ಕಾಗಿದ್ದರೆ ಅವನು ಪಡೆಯುವುದು ಬೆಂಕಿಯ ತುಂಡನ್ನು ಎಂಬ ಅರ್ಥದಲ್ಲಿ ಪ್ರವಾದಿ(ಸ) ಎಚ್ಚರಿಸಿದರು. ಇದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಸ್ವತಃ ಪ್ರವಾದಿಯವರ(ಸ) ತೀರ್ಪೇ ಹರಾಮನ್ನು ಹಲಾಲ್ ಮಾಡುವುದಿಲ್ಲ ಎಂದಾದರೆ, ಸಬ್ ರಿಜಿಸ್ಟ್ರಾರ್ ಕಚೇರಿಯ ಮೊಹರು ಮಾಡೀತೇ?

ಅಬೂ ದಾವೂದ್‌ನ ವರದಿ ಇನ್ನೂ ಹೆಚ್ಚು ಹೇಳುತ್ತದೆ. ಹಾಗೆ ವ್ಯಾಜ್ಯ ತಂದ ಇಬ್ಬರು ಪುರುಷರ ಜಗಳ ಪಿತ್ರಾರ್ಜಿತ ಆಸ್ತಿಯದೇ ಆಗಿತ್ತು. ಇಬ್ಬರ ಬಳಿಯೂ ಸಾಕ್ಷ್ಯವಿರಲಿಲ್ಲ. ಪ್ರವಾದಿಯವರ(ಸ) ಮಾತು ಕೇಳಿ ಇಬ್ಬರೂ ಅತ್ತರು. ನನ್ನ ಪಾಲು ನಿನಗಿರಲಿ ಎಂದು ಅವನು ಇವನಿಗೆ, ಇವನು ಅವನಿಗೆ ಹೇಳತೊಡಗಿದರು. ಆಗ ಪ್ರವಾದಿ(ಸ) ಏನು ಮಾಡಿದರು? ಆಯಿತು, ಪ್ರೀತಿಯಿಂದ ಮನೆಗೆ ಹೋಗಿ ಎಂದಷ್ಟೇ ಹೇಳಿ ಕಳಿಸಲಿಲ್ಲ. ಈಗ ಹೋಗಿ ಹಂಚಿಕೊಳ್ಳಿ, ಸರಿಯಾದದ್ದನ್ನು ಗುರಿಯಾಗಿಟ್ಟುಕೊಳ್ಳಿ, ಚೀಟಿ ಎತ್ತಿ, ಆಮೇಲೆ ಒಬ್ಬರಿಗೊಬ್ಬರು ಮನ್ನಿಸಿಬಿಡಿ ಎಂದು ಸೂಚಿಸಿದರು.

ಇದರಲ್ಲಿ ಅದ್ಲ್ ಇದೆ, ಇಹ್ಸಾನ್ ಇದೆ, ಅವುಗಳ ಕ್ರಮವೂ ಇದೆ. ಗುಣ ಜಾಗೃತವಾಯಿತೆಂದು ಲೆಕ್ಕವನ್ನು ಕೈಬಿಡಲಿಲ್ಲ. ಲೆಕ್ಕ ಮುಗಿಯಿತೆಂದು ಮನಸ್ಸನ್ನು ಕೈಬಿಡಲಿಲ್ಲ. ಮೊದಲು ನ್ಯಾಯವಾಗಿ ಹಂಚು, ಆಮೇಲೆ ಮನ್ನಿಸು. ನಮ್ಮಲ್ಲಿ ಕೆಲವು ಮನೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಅಕ್ಕತಂಗಿಯರಿಗೆ ಮೊದಲೇ ಮನ್ನಿಸಲು ಹೇಳುತ್ತಾರೆ, ಹಂಚುವ ದಿನ ಬರುವುದೇ ಇಲ್ಲ. ತ್ಯಾಗ ಎಂಬ ಸದ್ಗುಣದ ಹೆಸರಿನಲ್ಲಿ ಒಬ್ಬರ ಹಕ್ಕು ಹೋಗುತ್ತದೆ. ತ್ಯಾಗ ಮಾಡಬೇಕೆಂದರೆ ಮೊದಲು ಆಸ್ತಿ ಕೈಗೆ ಬಂದಿರಬೇಕು. ಕೈಗೆ ಬಾರದ್ದನ್ನು ಬಿಡಿಸಿಕೊಳ್ಳುವುದಕ್ಕೆ ತ್ಯಾಗ ಎನ್ನುವುದಿಲ್ಲ.

ಹಕ್ಕು ದೊಡ್ಡದೋ ಗುಣ ದೊಡ್ಡದೋ ಎಂಬ ವಿದ್ವಾಂಸರ ಚರ್ಚೆಗೆ ನಮಗೆ ಕಾಣುವ ಉತ್ತರವೂ ಇದೇ. ಹಕ್ಕಿನ ಕಾನೂನು ಗುಣಕ್ಕೆ ಜಾಗ ಮಾಡಿಕೊಡುತ್ತದೆ. ಆದರೆ ಆ ಜಾಗವನ್ನು ತುಂಬುವ ಶಕ್ತಿ ಅದಕ್ಕಿಲ್ಲ. ತುಂಬಬೇಕಾದವರು ತಾಯಿ ತಂದೆ, ಮದ್ರಸಾ, ಮಸೀದಿ, ನೆರೆಹೊರೆ. ಈ ಕೆಲಸವನ್ನು ಪೊಲೀಸರಿಗೆ ಒಪ್ಪಿಸಿದರೆ ಅದು ದಬ್ಬಾಳಿಕೆಯಾಗುತ್ತದೆ, ಯಾರೂ ಮಾಡದಿದ್ದರೆ ಹಕ್ಕು ಬರೀ ಸ್ವಾರ್ಥದ ಗುರಾಣಿಯಾಗುತ್ತದೆ. ಇನ್ನೊಂದು ಮಾತನ್ನೂ ನೆನಪಿಡಬೇಕು. ನಮ್ಮ ವಿದ್ವಾಂಸರು ಎಣಿಸಿದ ನಾಲ್ಕು ಗುಣಗಳಲ್ಲಿ ಅದ್ಲ್ ಕೂಡ ಒಂದು. ಇತರರ ಹಕ್ಕನ್ನು ಗೌರವಿಸುವುದೇ ಒಂದು ಗುಣ. ಆ ಗುಣ ಜನರಲ್ಲಿ ಇಲ್ಲದಿದ್ದರೆ ಸಂವಿಧಾನವೂ ಬರೀ ಪುಸ್ತಕವಾಗಿ ಉಳಿಯುತ್ತದೆ.

ಮನೆಗೆ ಒಯ್ಯಬೇಕಾದ ಮೂರು ವಿಷಯ

ಒಂದನೆಯದು ಮಾರುಕಟ್ಟೆಯದು. ಮಾರುವವನಿಗೂ ಕೊಳ್ಳುವವನಿಗೂ ಬೇರೆಯಾಗುವವರೆಗೆ ವ್ಯವಹಾರ ಕೈಬಿಡುವ ಸ್ವಾತಂತ್ರ್ಯವಿದೆ, ಇಬ್ಬರೂ ಸತ್ಯ ಹೇಳಿ ಕುಂದುಗಳನ್ನು ತೋರಿಸಿದರೆ ಅದರಲ್ಲಿ ಬರಕತ್ ಇರುತ್ತದೆ ಎಂಬ ಅರ್ಥದ ಹದೀಸನ್ನು ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿದ್ದಾರೆ. ಒಂದೇ ಹದೀಸಿನಲ್ಲಿ ಸ್ವಾತಂತ್ರ್ಯವೂ ಇದೆ, ಸದ್ಗುಣವೂ ಇದೆ. ಮನೆ ಬಾಡಿಗೆಗೆ ಕೊಡುವವರು ನೀರಿನ ತೊಂದರೆ, ಮಳೆಗಾಲದ ಸೋರಿಕೆಯನ್ನು ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಹೇಳಲಿ. ಬಾಡಿಗೆದಾರ ಬಿಟ್ಟುಹೋಗುವಾಗ ಸುಣ್ಣಬಣ್ಣದ ನೆಪದಲ್ಲಿ ಅಡ್ವಾನ್ಸ್ ಮುರಿದುಕೊಳ್ಳದಿರಲಿ. ಹೆಸರು ಕೇಳಿಯೇ ಮನೆ ಇಲ್ಲವೆಂದರೆ ಎಷ್ಟು ನೋವಾಗುತ್ತದೆ ಎಂಬುದು ನಮ್ಮ ಜನರಿಗೆ ಗೊತ್ತು. ಆ ನೋವನ್ನು ಅರಿತವರು ಬೇರೆ ಊರಿನ, ಬೇರೆ ಜಾತಿ ಧರ್ಮದ ಬಾಡಿಗೆದಾರರಿಗೆ ಅದನ್ನೇ ಕೊಡಬಾರದು.

ಎರಡನೆಯದು ಮನೆಯದು. ತಂದೆಯಾದವರು ಬದುಕಿರುವಾಗಲೇ ಮಕ್ಕಳ ನಡುವೆ ನ್ಯಾಯ ಪಾಲಿಸಲಿ. ನುಅ್‌ಮಾನ್ ಬಿನ್ ಬಶೀರ್(ರ)ರಿಗೆ ಅವರ ತಂದೆ ಉಡುಗೊರೆ ಕೊಟ್ಟಾಗ, ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀಯಾ ಎಂದು ಪ್ರವಾದಿ(ಸ) ಕೇಳಿದರು. ಇಲ್ಲವೆಂದಾಗ ಅದಕ್ಕೆ ಸಾಕ್ಷಿಯಾಗಲು ಒಪ್ಪಲಿಲ್ಲ. ತಂದೆ ತೀರಿಕೊಂಡ ಮನೆಗಳಲ್ಲಿ ಸಾಲ, ವಸಿಯ್ಯತ್ ತೀರಿಸಿದ ಮೇಲೆ ಪಾಲಿನ ಲೆಕ್ಕವನ್ನು ಉಲಮಾಗಳ ಮತ್ತು ವಕೀಲರ ಸಹಾಯದಿಂದ ಬರೆದು, ಪ್ರತಿಯೊಬ್ಬ ಅಕ್ಕತಂಗಿಯ ಕೈಗೆ ಕೊಡಲಿ. ನಿನ್ನ ಪಾಲು ಇಷ್ಟು, ಇದರ ಬೆಲೆ ಇಷ್ಟು ಎಂದು ಹೇಳಲಿ. ಆಮೇಲೆ ಆಕೆ ಇಟ್ಟುಕೊಳ್ಳಲಿ, ಕೊಡಲಿ, ಅದು ಆಕೆಯ ಇಷ್ಟ. ಈಗಾಗಲೇ ಸಹಿ ಹಾಕಿಸಿಕೊಂಡವರು ಒಮ್ಮೆ ಏಕಾಂತದಲ್ಲಿ ಹೋಗಿ ಕೇಳಲಿ: "ಆಪಾ, ಅವತ್ತು ಮನಸ್ಸಾರೆ ಕೊಟ್ಟಿದ್ದಿರಾ?" ಉತ್ತರ ಮಾತಿನಲ್ಲಿ ಬಾರದೆ ಕಣ್ಣಿನಲ್ಲಿ ಬಂದರೆ ಅದನ್ನೂ ಓದಿಕೊಳ್ಳಲಿ. ಪರಲೋಕದಲ್ಲಿ ಉತ್ತರಿಸುವುದಕ್ಕಿಂತ ಇಲ್ಲಿ ಸರಿಪಡಿಸುವುದು ಸುಲಭ.

ಮೂರನೆಯದು ಕಿರಿಯರದು. ನಿಮ್ಮ ಹಕ್ಕಿನ ಮಾತು ಸರಿಯಾಗಿಯೇ ಇದೆ. ಪ್ರವಾದಿವರ್ಯರು(ಸ) ಖನ್ಸಾ ಬಿನ್ತ್ ಖಿದಾಮ್(ರ)ರ ಇಷ್ಟಕ್ಕೆ ವಿರುದ್ಧವಾಗಿ ತಂದೆ ಮಾಡಿಸಿದ್ದ ವಿವಾಹವನ್ನೇ ರದ್ದುಮಾಡಿದರು. ಆದರೆ "ನನಗೆ ಹಕ್ಕಿದೆ" ಎಂಬಲ್ಲಿಗೆ ಯೋಚನೆ ನಿಲ್ಲದಿರಲಿ. ಆ 'ಹೌದು'ಗಿಂತ ಮುಂದೆ ಇನ್ನೊಂದು ಪ್ರಶ್ನೆ ಇದೆ: ಈ ಹಕ್ಕನ್ನು ಬಳಸಿ ನಾನು ಎಂಥ ಮನುಷ್ಯನಾಗುತ್ತಿದ್ದೇನೆ? ಮೊದಲ ಪ್ರಶ್ನೆಗೆ ವಕೀಲರು ಉತ್ತರಿಸಬಲ್ಲರು. ಎರಡನೆಯದಕ್ಕೆ ನೀವೇ ಉತ್ತರಿಸಬೇಕು, ಅಲ್ಲಾಹನ ಮುಂದೆ ನಿಂತು.

ಸಹೋದರ ಸಹೋದರಿಯರೇ, ಇನ್ನು ಕೆಲವೇ ಕ್ಷಣಗಳಲ್ಲಿ ಎರಡನೇ ಖುತ್ಬಾದ ಕೊನೆಗೆ ಆ ವಚನ ಮತ್ತೆ ಕೇಳಿಬರುತ್ತದೆ. ಇವತ್ತಾದರೂ ಅದ್ಲ್ ಎಂಬ ಪದ ಬಂದಾಗ ಯಾರಿಗೆ ನಾವು ಕೊಡಬೇಕಾದದ್ದು ಬಾಕಿ ಇದೆ ಎಂದು ನೆನಪಿಸಿಕೊಳ್ಳೋಣ. ಇಹ್ಸಾನ್ ಎಂಬ ಪದ ಬಂದಾಗ ಅದನ್ನು ಹೇಗೆ ಕೊಡಬೇಕು ಎಂದು ಯೋಚಿಸೋಣ.

ಓ ಅಲ್ಲಾಹ್, ಇತರರ ಹಕ್ಕನ್ನು ಉಳಿಸಿಕೊಡುವ ನ್ಯಾಯವನ್ನೂ, ಹಕ್ಕಿಗಿಂತ ಹೆಚ್ಚು ಕೊಡುವ ವಿಶಾಲ ಮನಸ್ಸನ್ನೂ ನಮಗೆ ದಯಪಾಲಿಸು. ನಮ್ಮ ಹೆಣ್ಣುಮಕ್ಕಳ ಮೌನವನ್ನು ಒಪ್ಪಿಗೆಯೆಂದು ತಿಳಿಯುವ ಅನ್ಯಾಯದಿಂದ ನಮ್ಮ ಮನೆಗಳನ್ನು ಕಾಪಾಡು. ಈ ನಾಡಿನ ಎಲ್ಲ ಜನರ ನಡುವೆ ನ್ಯಾಯ ಮತ್ತು ನೆಮ್ಮದಿ ನೆಲೆಸುವಂತೆ ಮಾಡು. ಆಮೀನ್.